ನಾನು ಬೀಸಿದ ಬಿಳಿ ಕರ್ಚೀಫು

ಪೆನೀಶ್, ಮಾರ್ಚ್ 4, ಸೋಮವಾರ

ಬೆಳಿಗ್ಗೆ ಅಣ್ಣ ಕಾಫಿಗೆ ಸಕ್ಕರೆ ಹಾಕಿಕೊಂಡು ಕಲಕದೆಯೇ ಕುಡಿದ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಅನ್ನಿಸುತ್ತದೆ.

ನಿನ್ನೆ ಫುಟ್‌ಬಾಲ್ ಪಂದ್ಯದಲ್ಲಿ ಅವನು ಪೆನಾಲ್ಟಿಯನ್ನು ಹೊರಗೆ ಹೊಡೆದಾಗ ಇಡೀ ಗ್ಯಾಲರಿ ಎದ್ದು ಬಿಳಿ ಕರ್ಚೀಫು ಬೀಸಿ, ತೊಲಗು ಎಂದಿತು. ಪಕ್ಕದಲ್ಲಿದ್ದ ದಿಯೊಲಿಂದಾ ಅತ್ತೆ ನನ್ನ ಕೈಗೂ ಒಂದನ್ನು ತುರುಕಿ, "ಬೀಸೇ! ತಂಗಿ ಅಂತ ಸುಮ್ನೆ ಕೂತ್ರೆ ಎಲ್ರೂ ನಿನ್ನನ್ನೇ ನೋಡ್ತಾರೆ" ಎಂದಳು. ಆ ಭಯಕ್ಕೇ ಬೀಸಿದೆ. ಎರಡು ಸಲ. ಇಲ್ಲ, ಇನ್ನೂ ಹೆಚ್ಚು.

ಹದಿನಾಲ್ಕು ವರ್ಷ ಹೊರದೇಶದ ತಂಡಗಳ ಮುಂಪಡೆಯಲ್ಲಿ ಗೋಲು ಹೊಡೆದು, ಕೊನೆಗೆ ನಮ್ಮೂರಿಗೇ ಆಡುತ್ತೇನೆಂದು ಬಂದವನು ಅವನು. ಮಧ್ಯಾಹ್ನ ನಾನು ಮೀನಿನ ಸಾರು ಬಡಿಸುವಾಗ ಅಣ್ಣ ನಕ್ಕ.

"ಊರಿಗೆ ಊರೇ ಬೀಸ್ತು ಕಣೇ ಜಸಿಂತಾ. ನೀನೊಬ್ಳು ಬೀಸಿರಲ್ಲ ಬಿಡು, ಬಸ್ ನಿಲ್ಸೋಕೂ ಕೈ ಎತ್ತದ ಪುಕ್ಕಲಿ ನೀನು! ಇವತ್ತೇ ಆಟ ಬಿಡೋಣ ಅಂತಿದ್ದೆ. ನಿನಗೋಸ್ಕರ ಈ ವರ್ಷ ಆಡ್ತೀನಿ."

ನಾನು ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದೆ, ಅಷ್ಟೇ. ಕಾಲೇಜಿನಲ್ಲಿ ಕಾದಂಬರಿಗಳ ಹೇಡಿಗಳನ್ನು ಎಷ್ಟೆಲ್ಲ ಬೈದು ಬರೆದಿದ್ದೆ.

ನಾಳೆ ಅವನು ಅಭ್ಯಾಸಕ್ಕೆ ಹೊರಡುವ ಮೊದಲು ಹೇಳಿಬಿಡುತ್ತೇನೆ. ಆಟ ಬಿಟ್ಟರೂ ಬಿಡಲಿ, ನನ್ನ ಜೊತೆ ಮಾತು ಬಿಟ್ಟರೂ ಬಿಡಲಿ.