ಗೇಟಿನ ಪುಸ್ತಕ

ಮೆಹದಿಪಟ್ಟಣಂ, ಹೈದರಾಬಾದ್
೧೭-೯-೨೦೦೬, ಭಾನುವಾರ

ಸೂಗಪ್ಪನವರಿಗೆ ಸೂರ್ಯನಾರಾಯಣನ ನಮಸ್ಕಾರ.

ವಿಚ್ಛೇದನದ ನಂತರ ಪ್ರತಿ ಭಾನುವಾರ ಮಗಳು ಇಂಚರಳನ್ನು ನನ್ನ ಜೊತೆ ಕಳಿಸಬೇಕೆಂದು ಕೋರ್ಟು ಹೇಳಿದ್ದರೂ, ನಾರಾಯಣಗೂಡದಲ್ಲಿ ನೀವು ಕಾಯುತ್ತಿದ್ದ ಗೇಟಿನಿಂದ ಹನ್ನೊಂದು ಸಲ ಒಬ್ಬನೇ ಹಿಂದಿರುಗಿದೆ. ಒಳಗೆ ಬಿಡದೆ, ಬಂದವರ ಹೆಸರಿನ ಪುಸ್ತಕ ಮುಂದೆ ಹಿಡಿದು ಸಹಿ ಕೇಳುತ್ತೀರೆಂದು ನಿಮ್ಮ ಮೇಲೇ ರೇಗಿದ್ದೆ. ಕ್ಷಮಿಸಿ.

ನಾನು ಬರಲೇ ಇಲ್ಲವೆಂದು ಅವಳ ಅಮ್ಮ ಚಿತ್ರಾ ಹೇಳಿದಾಗ ಜಡ್ಜ್ ತರಿಸಿ ನೋಡಿದ್ದು ಆ ಪುಸ್ತಕವನ್ನೇ. ಬರೆಯಬೇಡವೆಂದು ನಿಮಗೆ ಮೇಲೆ ಅವಳ ಮನೆಯಿಂದ ಫೋನ್ ಬರುತ್ತಿತ್ತಂತೆ. "ಬಂದವ್ರ ಹೆಸರ ಬರಿಯೋದು ನನ್ನ ಡ್ಯೂಟಿ ಐತ್ರಿ, ಬರದೀನಿ" ಎಂದು ನೀವು ಕೋರ್ಟಿನಲ್ಲಿ ಅಷ್ಟೇ ಹೇಳಿದಿರಿ. ಆ ವಾರವೇ ನಿಮ್ಮನ್ನು ಕೆಲಸದಿಂದ ತೆಗೆದರೆಂದು ಹಾಲಿನವನು ಹೇಳಿದ. ನಿಮ್ಮ ಊರಿನ ವಿಳಾಸ ಕೊಟ್ಟವನೂ ಅವನೇ.

ಚಿತ್ರಾಳ ಮೇಲೆ ಕೋಪ ಬೇಡ. ಮಗುವನ್ನು ನಾನು ನಮ್ಮೂರು ಮೈಸೂರಿಗೆ ಕರೆದೊಯ್ದುಬಿಡುತ್ತೇನೆಂಬ ಹೆದರಿಕೆ ಅವಳಿಗೆ.

ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ನನ್ನಂತೆ ಬೆಳಿಗ್ಗೆಯೇ ಹೈಟೆಕ್ ಸಿಟಿಗೆ ಹೊರಡುವವರು. ಗೇಟಿಗೆ ಜನ ಬೇಕು. ಪಕ್ಕದ ಕೋಣೆಗೆ ಸುಣ್ಣ ಬಳಿಸಿದ್ದೇನೆ, ನಲ್ಲಿ ಒಳಗೇ ಇದೆ. ನಿಮ್ಮ ಮನೆಯವರು ಗಂಗಾಬಾಯಿಯವರನ್ನೂ ಕರೆದುಕೊಂಡು ದಸರೆಗೆ ಮುಂಚೆ ಬನ್ನಿ.

ಇಂದು ಇಂಚರ ಮೊದಲ ಸಲ ಇಲ್ಲಿಗೆ ಬಂದಳು. ಗೇಟಿನಲ್ಲಿ ಸುಮ್ಮನೆ ಬಿದ್ದಿದ್ದ ಪುಸ್ತಕ ತೆರೆದು ತಾನೇ ಹೆಸರು ಬರೆದಳು. "ಯಾರನ್ನು ನೋಡಲು" ಎಂಬಲ್ಲಿ ಪೆನ್ನು ಕಚ್ಚಿ ಯೋಚಿಸಿ, "ನಮ್ಮ ಮನೆ" ಎಂದು ಬರೆದಳು.

ಅದರ ಕೆಳಗಿನ ಸಾಲು ಖಾಲಿ ಇದೆ. ಅಲ್ಲಿಂದ ನೀವು ಬರೆಯಿರಿ.

ಇಂತಿ,
ಇಂಚರಳ ಅಪ್ಪ