ಎಡ ಕಂಕುಳ ಹೊಲಿಗೆ

ತೊತೊನಿಕಾಪಾನ್
ಭಾನುವಾರ, 20 ಜುಲೈ 1997

ಪ್ರೀತಿಯ ಮಗಳು ತೊಮಾಸಾಗೆ,

ಈ ಪತ್ರ ಬರೆಯುತ್ತಿರುವವಳು ನಿನ್ನ ತಾಯಿ ಮಾತ್ರವಲ್ಲ, ಹಬ್ಬದ ಕುಣಿತಗಳಿಗೆ ವೇಷ ಬಾಡಿಗೆ ಕೊಡುವ ಪುವಾಕ್ ವೇಷದ ಮನೆಯ ಯಜಮಾನಿ ಬಸಿಲಿಯಾ ಪುವಾಕ್. ನನ್ನ ಅಜ್ಜ ಕೆತ್ತಿದ ಮುಖವಾಡಗಳು ಇಂದಿಗೂ ಇಪ್ಪತ್ತಾರು ಊರುಗಳ ಹಬ್ಬಗಳಲ್ಲಿ ಕುಣಿಯುತ್ತವೆ. ನಮ್ಮ ಹೊಸ್ತಿಲಲ್ಲಿ ಮೇಯರನೂ ಟೋಪಿ ತೆಗೆಯುತ್ತಾನೆ. ಇದನ್ನೆಲ್ಲ ನಿನಗೆ ನೆನಪಿಸಬೇಕಾಗಿರಲಿಲ್ಲ. ಮುಂದೆ ಬರೆಯುವುದನ್ನು ಓದಿ 'ಅಮ್ಮನಿಗೆ ಅರಳುಮರಳು' ಎಂದು ನೀನು ಅಂದುಕೊಳ್ಳಬಾರದು, ಅದಕ್ಕೆ ಬರೆದೆ.

ನಿನ್ನ ಡಿಸೆಂಬರಿನ ಕಾಗದಕ್ಕೆ ಜುಲೈಯಲ್ಲಿ ಉತ್ತರ ಬರೆಯುತ್ತಿದ್ದೇನೆ. ತಪ್ಪು ನನ್ನದೇ. ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ, ಕೇಳಿದ್ದೇನೆ ಎಂದುಕೋ. ಸಂತ ತೊಮಾಸನ ಹಬ್ಬಕ್ಕೆ ಹೋದ ವೇಷಗಳು ಮರಳುವ ಮೊದಲೇ ಜನವರಿಯ ಹಬ್ಬದವರು ಬಾಗಿಲಲ್ಲಿ ನಿಂತಿದ್ದರು. ಉಪವಾಸದ ನಲವತ್ತು ದಿನ ಯಾರೂ ಕುಣಿಯುವುದಿಲ್ಲ, ನಮಗೆ ಮಾತ್ರ ಆಗಲೇ ದುಡಿತ. ಸ್ಪೇನಿನ ಸೈನಿಕರ ವೇಷದ ಹಳದಿ ಕೂದಲನ್ನು ತೊಳೆದು ಸುರುಳಿ ಸುತ್ತಬೇಕು, ಮಖಮಲ್ಲಿನಿಂದ ಉದುರಿದ ಕನ್ನಡಿ ಬಿಲ್ಲೆಗಳನ್ನು ಮತ್ತೆ ಕೂರಿಸಬೇಕು. ಮೇ ತಿಂಗಳಲ್ಲಿ ಮಳೆ ಹಿಡಿಯಿತು. ಈ ಸಲ ಬೂಷ್ಟು ಎಷ್ಟೆಂದರೆ ಅಂಗಿಗಳನ್ನೆಲ್ಲ ಒಲೆಯ ಸುತ್ತ ಹರಡಿಕೊಂಡು ಮಲಗಿದೆವು. ಸ್ಪೇನಿನ ದಂಡನಾಯಕನ ಚಿನ್ನದ ಗಡ್ಡವನ್ನು ಇಲಿ ಅರ್ಧ ತಿಂದಿದೆ. ಹೊಲಿಗೆಗೆ ನನ್ನ ಜೊತೆ ಕೂರುವ ಲೂಸಿಯಾ ನಗುತ್ತಾಳೆ: "ಪ್ರತಿ ವರ್ಷ ಅವನೇ ಗೆಲ್ತಾನಲ್ಲ ದೊನ್ಯಾ, ಇಷ್ಟಾದ್ರೂ ಸೋಲ್ಲಿ ಬಿಡಿ."

ಈಗ ವಿಷಯಕ್ಕೆ ಬರುತ್ತೇನೆ. ನನಗೇ ಅರ್ಥವಾಗದ ವಿಷಯ. ನನಗೆ ಅರ್ಥವಾಗದ್ದು ಈ ಮನೆಯಲ್ಲಿ ಇದುವರೆಗೆ ಏನೂ ಇರಲಿಲ್ಲ.

ಹೋದ ಆಗಸ್ಟಿನಲ್ಲಿ ಚುವಿಸಾಕ್ ಹಳ್ಳಿಯ ಮೇಳದವರು ತಮ್ಮ ಜುಲೈ ಹಬ್ಬ ಮುಗಿಸಿ ವೇಷಗಳನ್ನು ಹಿಂದಿರುಗಿಸಿದರು. ಸ್ಪೇನಿನವರೊಡನೆ ಯುದ್ಧದ ಕುಣಿತದಲ್ಲಿ ಕೊನೆಗೆ ಸಾಯುವ ನಮ್ಮ ಕಿಚೆ ಜನರ ರಾಜನಿದ್ದಾನಲ್ಲ, ಅವನ ಅಂಗಿಯ ಎಡ ಕಂಕುಳು ಹರಿದಿತ್ತು. ಹರಿಯುವುದು ಸಹಜ. ಆದರೆ ಈಟಿ ಎತ್ತುವುದು ಬಲಗೈಯಲ್ಲಿ, ಹರಿಯುವುದು ಬಲ ಕಂಕುಳು. ನಲವತ್ತು ವರ್ಷ ನಾನು ಹೊಲಿದದ್ದು ಬಲಗಡೆಯನ್ನೇ. ಅದೂ ಹೋಗಲಿ. ಹರಿದದ್ದನ್ನು ಯಾರೋ ಹೊಲಿದು ಕಳಿಸಿದ್ದರು! ಕುಣಿಯುವವರು ಹರಿಯುತ್ತಾರೆ, ಬೆವರುತ್ತಾರೆ, ಮೇಣದ ಹನಿ ಬೀಳಿಸುತ್ತಾರೆ, ಹೊಲಿಯುವುದಂತೂ ಇಲ್ಲ. ಹೊಲಿಗೆ ನಮ್ಮದು. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ದಾರದ ತುದಿ ಒಳಪದರದಲ್ಲಿ ಮಾಯ. ಅದನ್ನು ನನಗೆ ನನ್ನ ತಂದೆ ಕಲಿಸಿದ್ದರು. ನಾನು ಕಲಿಸಿದ್ದು ಮೂವರಿಗೆ.

ಲೂಸಿಯಾಳನ್ನು ಕರೆದೆ. "ಇದನ್ನ ಯಾವಾಗ ಹೊಲಿದೆ? ನನ್ನ ಕೇಳ್ದೇನೇ?"

"ನಾನಾ? ನೀವೇ ಹೊಲಿದಿದ್ದೀರ ಅಂದ್ಕೊಂಡೆ. ಸ್ವಲ್ಪ ಸೊಟ್ಟಗಿತ್ತು. ಪಾಪ, ಕಣ್ಣು ಮಂಜಾಗಿದೆ ಅಂತ ಸುಮ್ನಿದ್ದೆ."

"ನನ್ನ ಕಣ್ಣಿಗೇನಾಗಿದೆ?"

"ಏನಿಲ್ಲ ದೊನ್ಯಾ. ನೀವು ಕೇಳಿದ್ರಿ, ನಾನ್ ಹೇಳ್ದೆ."

ಲೂಸಿಯಾ ಅಲ್ಲ. ನೀನು ವೆವೆತೆನಾಂಗೊದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೀಯ. ಉಳಿದವನು ಒಬ್ಬನೇ, ನಿನ್ನ ಅಣ್ಣ ಎಸ್ತೆಬಾನ್. ಅವನು ಎಡಚ. ಆದರೆ ಐದು ವರ್ಷದ ಹಿಂದೆ ಮುಖವಾಡಗಳನ್ನು ಸೈತಾನನ ಮುಖವೆಂದು ಬೈದು ಈ ಮನೆ ಬಿಟ್ಟು ಹೋದವನು, ಸುವಾರ್ತಾ ಸಭೆ ಸೇರಿದವನು, ಆ ಸಭೆಯ ಪಾದ್ರಿಯ ಮಗಳನ್ನೇ ಕಟ್ಟಿಕೊಂಡು ಮಾವನ ಕಬ್ಬಿಣದ ಅಂಗಡಿಯಲ್ಲಿ ಮೊಳೆ ತೂಗುವವನು, ನಮ್ಮ ರಾಜನ ಮುಖವಾಡ ಹಾಕಿಕೊಂಡು ಸಂತ ಸಾಂತಿಯಾಗೊನ ಮುಂದೆ ಕುಣಿಯುತ್ತಾನೆಯೇ? ಅವರ ಸಭೆಗೆ ತಿಳಿದರೆ ಹೊರಗೆ ಹಾಕುತ್ತಾರೆ. ಹೆಂಡತಿಯ ಮನೆಯಿಂದಲೂ ಹಾಕಬಹುದು. ಹಾಗಾದರೆ ಅವನಲ್ಲ ಎಂದುಕೊಂಡೆ. ಅಂಗಿಯನ್ನು ಮಡಿಸಿಟ್ಟೆ. ಮತ್ತೆ ಬಿಚ್ಚಿ ನೋಡಿದೆ. ಚಳಿಗಾಲವೆಲ್ಲ ಹೀಗೇ.

ಮಾರ್ಚಿನಲ್ಲಿ ಚುವಿಸಾಕ್ ಮೇಳದ ಮುಖ್ಯಸ್ಥ ದೊನ್ ಗಾಸ್ಪರ್ ಈ ವರ್ಷದ ವೇಷಗಳನ್ನು ಗೊತ್ತುಮಾಡಲು ಬಂದ. ಮುಖವಾಡದೊಳಗೆ ಯಾರು ಎಂದು ವೇಷದ ಮನೆಯವರು ಕೇಳಬಾರದು. ನಾನು ಕೇಳಿದೆ.

"ರಾಜ ಯಾರು?"

"ರಾಜ ಅಂದ್ರೆ ರಾಜ, ದೊನ್ಯಾ."

"ಎತ್ತರದವನಾ?"

"ಕಿರೀಟ ಇಟ್ರೆ ಎಲ್ಲಾರೂ ಎತ್ತರಾನೇ."

"ಯಾವ ಕೈ ಎತ್ತುತ್ತಾನೆ?"

ಮುದುಕ ತನ್ನ ಟೋಪಿಯೊಳಗೆ ಏನೋ ಬಿದ್ದಿದೆ ಎಂಬಂತೆ ನೋಡುತ್ತ ಕೂತ. ಆಮೇಲೆ ಹೇಳಿದ: "ಸಂತನ ಮುಂದೆ ರಾಜನಾಗಿ ಕುಣಿಯೋ ಏಳು ವರ್ಷದ ಹರಕೆ ಅದು. ಐದು ವರ್ಷ ಕುಣಿದವರು ತೀರ್ಕೊಂಡ್ರು. ಇಪ್ಪತ್ತು ವರ್ಷ ಹಾಗೇ ಬಿದ್ದಿತ್ತು. ಉಳಿದ ಎರಡನ್ನ ಈಗ ಒಬ್ಬ ತೀರಿಸ್ತಿದ್ದಾನೆ. ಹೋದ ವರ್ಷ ಒಂದಾಯ್ತು, ಈ ವರ್ಷಕ್ಕೆ ಮುಗೀತು. ಹೆಸರು ಕೇಳ್ಬೇಡಿ, ಮಾತು ಕೊಟ್ಟಿದ್ದೀನಿ."

ಐದು ವರ್ಷ ಕುಣಿದು ತೀರಿಕೊಂಡವರು ಯಾರು ಎಂದು ನನಗೆ ಹೇಳಬೇಕೇ, ತೊಮಾಸಾ? ನಿನ್ನ ಅಪ್ಪ ಫ್ಲೊರೆಂತಿನೊನ ಹರಕೆ ಅದು. ಅಪ್ಪ ಬಿಟ್ಟುಹೋದ ಹರಕೆ ಮಗನ ಹೆಗಲಿಗೆ ಬರುತ್ತದೆ, ಅದು ನಿಜ. ಸಂತರನ್ನೇ ನಂಬದವನ ಹೆಗಲಿಗೂ ಬರುತ್ತದೆಯೇ? ನನಗೆ ಸಂತೋಷವಾಗಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಎರಡೂ ಆಯಿತು, ಒಂದೇ ಮಧ್ಯಾಹ್ನ. ಒಂದು ಮಾತ್ರ ಸ್ಪಷ್ಟ: ಈ ಜುಲೈ ಕಳೆದರೆ ಅವನ ಬೆವರು ಕೂಡ ಈ ಮನೆಗೆ ಬರುವುದಿಲ್ಲ.

ಜೂನಿನಲ್ಲಿ, ಜೋರು ಮಳೆಯಲ್ಲಿ, ಅವನ ಹೆಂಡತಿ ರೆಬೆಕಾ ಬಂದಳು. ಮೊದಲ ಸಲ. ಗೋಡೆಯ ಮುಖವಾಡಗಳ ಕಡೆ ಕಣ್ಣು ಹಾಯಿಸದೆ, ಕೊಡೆ ಮಡಿಸದೆ ಬಾಗಿಲಲ್ಲೇ ನಿಂತಳು.

"ಅವ್ರು ಇಲ್ಲಿಗೆ ಬರ್ತಾರಾ, ಸಿನ್ಯೋರಾ? ಶನಿವಾರ ಗೋದಾಮಿಗೆ ಅಂತ ಹೋಗ್ತಾರೆ. ಬಂದ್ರೆ ಮೈಯೆಲ್ಲ ಧೂಪದ ವಾಸನೆ."

"ಐದು ವರ್ಷದಿಂದ ನಿನ್ನ ಗಂಡ ಈ ಹೊಸ್ತಿಲು ತುಳಿದಿಲ್ಲ. ಒಳಗೆ ಬಾ, ನೆನೀತಿದ್ದೀಯ."

"ಇಲ್ಲೇ ಸಾಕು." ಕೊಡೆಯನ್ನು ಇನ್ನೊಂದು ಕೈಗೆ ದಾಟಿಸಿದಳು. "ಕುಣಿತದ ಅಭ್ಯಾಸಕ್ಕೇ ಹೋಗ್ತಿರ್ಬೇಕು. ಕುಣೀಲಿ ಬಿಡಿ. ಅಪ್ಪನಿಗೆ ನಾನೇನೋ ಹೇಳ್ಕೋತೀನಿ. ಆದ್ರೆ ಕುಣಿಯೋ ಕಡೆ ಕುಡೀತಾರೆ. ಅದೇ ನನ್ನ ಭಯ. ನಮ್ಮ ಸಭೆಗೆ ಮೊದಲ ದಿನ ಬಂದಾಗ ಅವ್ರು ದೇವ್ರ ಬಗ್ಗೆ ಏನೂ ಕೇಳ್ಲಿಲ್ಲ. 'ಇಲ್ಲಿ ಯಾರೂ ಕುಡಿಯಲ್ಲ ತಾನೆ?' ಅಂತ ಅಷ್ಟೇ ಕೇಳಿದ್ರು."

ಅವಳ ಚಪ್ಪಲಿ ಒದ್ದೆಯಾಗಿತ್ತು. ಲೂಸಿಯಾಳ ಒಣ ಚಪ್ಪಲಿ ಕೊಟ್ಟು ಕಳಿಸಿದೆ. ಆ ಹುಡುಗಿಯ ಬಗ್ಗೆ ನಾನು ಹಿಂದೆ ನಿನಗೆ ಬರೆದದ್ದರಲ್ಲಿ ಅರ್ಧವನ್ನು ಹೊಡೆದುಹಾಕು.

ಮೊನ್ನೆ ಗುರುವಾರ ರಾಜನ ಅಂಗಿಯ ಎಡ ತೋಳನ್ನು ಬಿಚ್ಚಿ, ಕಂಕುಳಿಗೆ ನಾಲ್ಕು ಬೆರಳು ಅಗಲದ ಹೊಸ ಮಖಮಲ್ ಕೊಟ್ಟು ಹೊಲಿದೆ. ತೊಟ್ಟ ಕೂಡಲೇ ಅವನಿಗೆ ಗೊತ್ತಾಗುತ್ತದೆ. ಲೂಸಿಯಾ ನೋಡಿದಳು. ನಾನು ಕೇಳುವ ಮೊದಲೇ ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಮೊಮ್ಮಕ್ಕಳಿಗೆ ಎಲೆ ಸುತ್ತಿದ ತಮಾಲ್ ಕಳಿಸಿದ್ದೇನೆ, ಬಸ್ಸಿನವನು ಅರ್ಧ ತಿನ್ನದಿದ್ದರೆ ತಲುಪೀತು. ಶಾಲೆಯಲ್ಲಿ ಯಾರ ಮೇಲೂ ಕೈ ಎತ್ತಬೇಡ. ಸಂತ ಮಿಗೆಲ್ ನಿಮ್ಮೆಲ್ಲರ ಬಾಗಿಲು ಕಾಯಲಿ, ನಿನ್ನ ಒಲೆ ಆರದಿರಲಿ.

ನಿನ್ನ ತಾಯಿ,
ಬಸಿಲಿಯಾ ಪುವಾಕ್

ಹಿಂಬರಹ: ಸಹಿ ಹಾಕಿಯಾದ ಮೇಲೂ ಪೆನ್ನು ಕೆಳಗಿಡಲಾಗುತ್ತಿಲ್ಲ. ನಿನ್ನ ಅಪ್ಪ ಸತ್ತದ್ದು ಎದೆಯ ಜ್ವರದಿಂದಲ್ಲ. ನಿನಗೆ ಆಗ ಎಂಟು ವರ್ಷ, ಹಾಗೆ ಹೇಳಿದೆ, ಆಮೇಲೆ ತಿದ್ದಲಿಲ್ಲ. ಕುಡಿತದಿಂದ ಸತ್ತರು. ವೇಷ ಹೊರಡುವಾಗ ಮುಖವಾಡಗಳ ಮುಂದೆ ಸಾರಾಯಿ ಇಡಬೇಕು, ಮನೆಯ ಗಂಡಸು ಮೇಳದವರ ಜೊತೆ ಕುಡಿಯಬೇಕು. ವರ್ಷಕ್ಕೆ ಇಪ್ಪತ್ತಾರು ಮೇಳ. ಸುರಿದು ಕೊಡುತ್ತಿದ್ದವಳು ನಾನು. ಎಸ್ತೆಬಾನ್ ಹದಿನಾಲ್ಕು ವರ್ಷದವನಿದ್ದಾಗ ಒಮ್ಮೆ ಬಾಟಲಿಯನ್ನು ಕಿರೀಟದ ಪೆಟ್ಟಿಗೆಯಲ್ಲಿ ಬಚ್ಚಿಟ್ಟ. ಮೇಳದವರ ಎದುರೇ ಅವನ ಕೆನ್ನೆಗೆ ಹೊಡೆದೆ, ಅವನ ಕೈಯಿಂದಲೇ ಅದನ್ನು ಅಪ್ಪನಿಗೆ ಕೊಡಿಸಿದೆ. ಮರುವರ್ಷ ಅಪ್ಪ ಇರಲಿಲ್ಲ.

ಮನೆ ಬಿಡುವ ದಿನ ಅವನು ಸೈತಾನನ ಮಾತು ಆಡಲೇ ಇಲ್ಲ. ಅದು ನಾನು ಊರಿಗೆ ಹೇಳಿದ್ದು, ನಿನಗೆ ಹೇಳಿದ್ದು. ಅವನು ಅಂದದ್ದು ಇಷ್ಟೇ: "ಅಮ್ಮಾ, ಆ ಬಾಟಲಿ ಮೇಜಿನ ಮೇಲಿಂದ ತೆಗಿ, ನಾನು ಇಲ್ಲೇ ಇರ್ತೀನಿ." ನಾನು ಅಂದೆ: "ಬಾಟಲಿ ಇರುತ್ತೆ. ನೀನು ಹೋಗು."

ನಿನ್ನೆ ಬೆಳಿಗ್ಗೆ ಚುವಿಸಾಕ್ ಮೇಳದವರು ಬಂದರು. ಮೇಣದಬತ್ತಿ ಹಚ್ಚಿದ್ದೆ, ಧೂಪ ಹಾಕಿದ್ದೆ. ಮೇಜಿನ ಮೇಲೆ ಮೆಕ್ಕೆಜೋಳದ ಅಂಬಲಿಯ ಮಡಕೆ. ದೊನ್ ಗಾಸ್ಪರ್ ಮೇಜಿನ ಕೆಳಗೂ ಬಗ್ಗಿ ನೋಡಿದ.

"ಬಾಟಲಿ ಎಲ್ಲಿ ದೊನ್ಯಾ?"

"ಇದ್ದದ್ದನ್ನೆಲ್ಲ ಮೋರಿಗೆ ಸುರಿದೆ."

"ಮುಖವಾಡಗಳು ಮುನಿಸ್ಕೊಂಡ್ರೆ?"

"ಅವಕ್ಕೆ ನಾನು ಉತ್ತರ ಹೇಳ್ತೀನಿ. ಈ ಮನೇಲಿ ಇನ್ನು ಅಂಬಲೀನೇ. ನೀವು ಕಂಡದ್ದನ್ನ ನಿಮ್ಮ ರಾಜನಿಗೆ ಹೇಳಿ."

ಹದಿನೆಂಟು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಟ್ಟಲು ಹಿಡಿದು ಕುಡಿದರು. ಗಂಟು ಹೊತ್ತು ಹೊರಟರು.