ಗುಲಾಬಿಯಾದ ಬಿಳಿ ಕೋಟುಗಳು

ಶನಿವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಬುಧವಾರ ಫೋನಿನಲ್ಲಿ ನನ್ನ ದನಿ ಯಾಕೆ ಹೀಗಿದೆ ಎಂದು ನೀನು ಕೇಳಿದಾಗ ನೆಗಡಿ ಅಂದುಬಿಟ್ಟೆ. ನೆಗಡಿ ಇರಲಿಲ್ಲ. ಇವತ್ತು ಮನಸ್ಸು ಹಗುರವಾಗಿದೆ, ನಡೆದದ್ದನ್ನು ಬರೆಯುತ್ತೇನೆ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ನನ್ನ ಕೈಕೆಳಗೆ ಏಳು ಜನರಿದ್ದಾರೆ, ನಿನಗೆ ಗೊತ್ತು. ಸೋಮವಾರ ದೊಡ್ಡ ಮೆಷಿನ್ನಿನ ಬಾಗಿಲು ತೆಗೆದರೆ ಡಾಕ್ಟರುಗಳ ಅರವತ್ತು ಬಿಳಿ ಕೋಟುಗಳು ಗುಲಾಬಿಯಾಗಿದ್ದವು. ನಡುವೆ ಮಕ್ಕಳ ವಾರ್ಡಿನ ಹೊಸ ಕೆಂಪು ಹೊದಿಕೆಯೊಂದು ಏನೂ ಅರಿಯದ ಹಾಗೆ ಮುದುಡಿ ಕೂತಿತ್ತು. ಶುಕ್ರವಾರದೊಳಗೆ ತಪ್ಪು ಯಾರದೆಂದು ಬರೆದು ಕೊಡಬೇಕು, ಒಬ್ಬರು ಮನೆಗೆ ಹೋಗಲೇಬೇಕು ಎಂದರು ಆಡಳಿತಾಧಿಕಾರಿ. ಆರು ಜನರೂ ಬೊಟ್ಟು ಮಾಡಿದ್ದು ಏಳನೆಯವರ ಕಡೆಗೆ, ದೊಡ್ಡ ಮೆಷಿನ್ ನಡೆಸುವ ನಮ್ಮ ಮೆಷಿನ್ ಅಣ್ಣನ ಕಡೆಗೆ. ಹದಿನೆಂಟು ವರ್ಷದಿಂದ ಇಲ್ಲೇ ಕೆಲಸ, ನಿವೃತ್ತಿಗೆ ಇನ್ನು ಎರಡೇ ವರ್ಷ.

ಹೋದ ವರ್ಷ ಎರಡು ದಿನದ ತರಬೇತಿಯೊಂದಕ್ಕೆ ಹೋಗಿದ್ದೆನಲ್ಲ, ಜಗಳವಾದ ತಂಡವನ್ನು ದುಂಡಗೆ ಕೂರಿಸಿ ಮಾತಾಡಿಸುವುದು ಹೇಗೆಂದು ಅಲ್ಲಿ ಕಲಿಸಿದ್ದರು. ನಿಜ ಹೇಳಬೇಕೆಂದರೆ ಅದರ ಮೇಲೆ ನನಗೇ ನಂಬಿಕೆ ಇರಲಿಲ್ಲ. ಆದರೂ ಗುರುವಾರ ಮೆಷಿನ್ನುಗಳನ್ನು ನಿಲ್ಲಿಸಿ, ಮೇಜು ಸರಿಸಿ, ಎಂಟು ಕುರ್ಚಿ ಹಾಕಿಸಿದೆ. ಮರದ ಒಂದು ಬಟ್ಟೆ ಕ್ಲಿಪ್ ಕೈಯಿಂದ ಕೈಗೆ ಹೋಗುತ್ತದೆ, ಅದು ಯಾರ ಕೈಯಲ್ಲಿದೆಯೋ ಅವರದಷ್ಟೇ ಮಾತು. ಯಾರು ಮಾಡಿದ್ದು ಎಂದು ಕೇಳುವ ಹಾಗಿಲ್ಲ. ಏನಾಯಿತು, ಯಾರಿಗೆ ನೋವಾಯಿತು, ಈಗ ಸರಿ ಮಾಡುವುದು ಹೇಗೆ, ಇಷ್ಟೇ.

"ಮೇಡಂ, ಇದೇನು ಕುರ್ಚಿ ಆಟಾನಾ? ಹಾಡು ನಿಂತ ಕೂಡ್ಲೇ ಕೂತ್ಕೋಬೇಕಾ?" ಎಂದಳು ಇಸ್ತ್ರಿ ಅಕ್ಕ. ಮೊದಲ ಸುತ್ತಿನಲ್ಲಿ ಎಲ್ಲರೂ ಕ್ಲಿಪ್ಪನ್ನು ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಪಕ್ಕಕ್ಕೆ ದಾಟಿಸಿದರು. ಎರಡನೆಯ ಸುತ್ತಿನಲ್ಲಿ ಮೆಷಿನ್ ಅಣ್ಣ ಅದನ್ನು ದಾಟಿಸದೆ ಕೈಯಲ್ಲೇ ಹಿಡಿದುಕೊಂಡರು.

"ಚೀಲ ಸುರಿದಿದ್ದು ನಾನೇ. ಬಣ್ಣ ನೋಡ್ಲಿಲ್ಲ. ಮೊದಲೆಲ್ಲ ಬಣ್ಣ ಬೇರೆ ಮಾಡಿ ಕೊಡೋಕೆ ಒಬ್ಬರು ಇರ್ತಿದ್ರು, ಒಂದು ತಿಂಗಳಿಂದ ಆ ಮೇಜು ಖಾಲಿ. ಆದ್ರೂ ತಪ್ಪು ನಂದೇ ಅನ್ನಿ. ಆದ್ರೆ ಸೋಮವಾರದಿಂದ ಒಬ್ಬರೂ ನನ್ನನ್ನ ಊಟಕ್ಕೆ ಕರೆದಿಲ್ಲ. ಹೊಟ್ಟೆ ಉರೀತಿರೋದು ಅದಕ್ಕೆ."

ಪಕ್ಕದಲ್ಲಿದ್ದವಳು ಹಿಂದೆ ಬಣ್ಣ ಬೇರೆ ಮಾಡುತ್ತಿದ್ದವಳೇ. ಈಗ ಬಟ್ಟೆ ಮಡಚುತ್ತಾಳೆ.

"ಆ ಕೆಂಪು ಹೊದಿಕೆ ನಾನು ನೋಡಿದ್ದೆ, ಅಣ್ಣ. ಗಾಡೀಲಿ ಮೇಲೇ ಇತ್ತು. ಕೂಗೋಣ ಅಂತ ಬಾಯಿ ತೆಗೆದೆ. ಆದ್ರೆ, ಇನ್ನು ಅದು ನಿನ್ನ ಕೆಲಸ ಅಲ್ಲ, ಮಡಚೋದಷ್ಟೇ ನೋಡ್ಕೋ ಅಂತ ಹೇಳಿದ್ರಲ್ಲ. ಸುಮ್ಮನಾದೆ."

ಹೇಳಿದ್ದು ಯಾರೆಂದು ಅವಳು ಹೇಳಲಿಲ್ಲ. ಕ್ಲಿಪ್ಪನ್ನು ನನ್ನ ಕೈಗಿಟ್ಟಳು.

ಅಮ್ಮ, ಹೇಳಿದವಳು ನಾನೇ. ತಿಂಗಳ ವರದಿಯಲ್ಲಿ ಕೆಲಸ ಬೇಗ ಸಾಗಿದೆ ಎಂದು ತೋರಿಸಲು ಆ ಮೇಜಿನಿಂದ ಅವಳನ್ನು ಎಬ್ಬಿಸಿದವಳೂ ನಾನೇ. ಸುತ್ತಿನಲ್ಲಿ ಅದನ್ನೇ ಹೇಳಿದೆ. ಆಗ ಇಸ್ತ್ರಿ ಅಕ್ಕ, "ಕ್ಲಿಪ್ ಇಲ್ದೆ ಮಾತಾಡ್ತಿದೀನಿ, ತಪ್ಪು ತಿಳ್ಕೋಬೇಡಿ. ಹಂಗಾದ್ರೆ ಆ ಕೋಟಿಗೆ ನಾವೆಲ್ಲ ಸೇರ್ಕೊಂಡೇ ಬಣ್ಣ ಹಾಕಿದ್ದು" ಎಂದಳು. ಮೊದಲು ನಕ್ಕವರು ಮೆಷಿನ್ ಅಣ್ಣ.

ಬಣ್ಣ ಬೇರೆ ಮಾಡುವ ಮೇಜಿಗೆ ಮತ್ತೆ ಜನ ಬೇಕು, ತಪ್ಪು ಕಂಡವರು ಯಾರೇ ಆಗಲಿ ಮೆಷಿನ್ ನಿಲ್ಲಿಸಬಹುದು ಎಂದು ಎಲ್ಲರೂ ಒಪ್ಪಿದೆವು. ಆಮೇಲೆ ಎಂಟೂ ಜನ ತೋಳಿನ ಬಟ್ಟೆ ಮೇಲೆ ಮಡಚಿ ನಿಂತು ಕೋಟುಗಳನ್ನು ಬ್ಲೀಚಿನಲ್ಲಿ ಮೂರು ಸಲ ನೆನೆಸಿ ತೆಗೆದೆವು. ಶುಕ್ರವಾರ ಹತ್ತು ಗಂಟೆಗೆ ಬೆಳ್ಳಗಿನ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಐವತ್ತೆಂಟು. ಎರಡನ್ನು ಮಕ್ಕಳ ಡಾಕ್ಟರು ಗುಲಾಬಿಯಾಗಿಯೇ ಕೊಂಡೊಯ್ದಿದ್ದರು. ಆ ಬಣ್ಣ ನೋಡುತ್ತ ಮಕ್ಕಳು ಸೂಜಿ ಮರೆಯುತ್ತಾರಂತೆ.

ವರದಿಯಲ್ಲಿ ನನ್ನ ಪಾಲನ್ನೇ ಮೊದಲು ಬರೆದೆ. ಅಧಿಕಾರಿ ಎರಡು ಸಲ ಓದಿ, "ಹಾಗಾದ್ರೆ ಮನೆಗೆ ಹೋಗೋದು ಯಾರು?" ಎಂದು ಕೇಳಿದರು. "ಎಲ್ಲರೂ ಸರ್, ಐದು ಗಂಟೆಗೆ" ಎಂದೆ. ಆ ಧೈರ್ಯ ಎಲ್ಲಿಂದ ಬಂತೋ ತಿಳಿಯದು. ನಗು ತಡೆಯಲಾರದೆ ಅವರು ವರದಿಗೆ ಸಹಿ ಹಾಕಿದರು. ಅಡುಗೆಮನೆಯವರನ್ನೂ ಒಮ್ಮೆ ಹೀಗೆ ಕೂರಿಸಿ ಎಂದರು. ಮೆಷಿನ್ ಅಣ್ಣನ ಕೆಲಸ ಉಳಿಯಿತು. ನಿನ್ನೆ ಅವರ ತಟ್ಟೆಯ ಸುತ್ತ ಜಾಗ ಸಾಲದೆ ನಾನು ನಿಂತೇ ಉಂಡೆ. ಇನ್ನು ಮೇಲೆ ಪ್ರತಿ ಗುರುವಾರ ಸುತ್ತು ಕೂರುತ್ತೇವೆ.

ನಿನ್ನ ಮೊಂಡು ಮಗಳು

ಇನ್ನೊಂದು ಮಾತು. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ: ಗುರುವಾರ ಬೆಳಿಗ್ಗೆ, ಕುರ್ಚಿ ಹಾಕಿಸುವ ಮೊದಲೇ, ಮೆಷಿನ್ ಅಣ್ಣನನ್ನು ಕೆಲಸದಿಂದ ತೆಗೆಯಿರಿ ಎಂದು ಅಧಿಕಾರಿಗೆ ಪತ್ರ ಟೈಪ್ ಮಾಡಿ ಸಹಿ ಹಾಕಿದ್ದೆ. ಅವರು ಮಾತಾಡುವಷ್ಟು ಹೊತ್ತೂ ಅದು ನನ್ನ ಕಾಲ ಬಳಿಯ ಬ್ಯಾಗಿನಲ್ಲಿತ್ತು. ಎಲ್ಲ ಒಪ್ಪಿಕೊಂಡವಳು ಇದೊಂದನ್ನು ನುಂಗಿಕೊಂಡೆ. ಪತ್ರ ಹರಿದಿದ್ದೇನೆ, ಆದರೆ ಅಷ್ಟು ಸಾಲದು ಅನಿಸುತ್ತಿದೆ. ಬರುವ ಗುರುವಾರ ಅವರೆದುರಿಗೇ ಹೇಳುತ್ತೇನೆ. ಮೊದಲು ನಿನಗೆ ಹೇಳಿ ನಾಲಿಗೆ ಪಳಗಿಸಿಕೊಂಡೆ.